ಮುರಿಯದೆ ಗೆಲ್ಲಿ: ‘ಕರಪ್ಷನ್’ ಪದ ಕಲಿಸುವ 11 ಸೂತ್ರಗಳು

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗೆ ನಾನು ವಾರಕ್ಕೆರಡು ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು ದಿನ ಹಲಗೆಯ ಮೇಲೆ ‘ಕರಪ್ಷನ್’ ಎಂದು ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು, “ಸರ್, ಕರಪ್ಷನ್ ಅಂದ್ರೆ ಲಂಚ, ಎಲ್ಲರಿಗೂ ಗೊತ್ತು. ಮುಂದಿನ ಪದ ಹೇಳಿ” ಎಂದಳು. ತರಗತಿಯೆಲ್ಲ ಹೌದೆಂದು ತಲೆಯಾಡಿಸಿತು.

ಅವತ್ತು ನಾವು ಮುಂದಿನ ಪದಕ್ಕೆ ಹೋಗಲಿಲ್ಲ. ಒಂದೂವರೆ ಗಂಟೆ ಅದೊಂದೇ ಪದವನ್ನು ಬಿಡಿಸುತ್ತ ಕೂತೆವು. ಈ ಮಕ್ಕಳಲ್ಲಿ ಕೆಲವರಾದರೂ ನಾಳೆ ಕೌಂಟರಿನ ಆಚೆ ಬದಿಯಲ್ಲಿ ಕೂರುವವರು. ಪರೀಕ್ಷೆಯಲ್ಲಿ ಒಂದು ಅಂಕ ತರುವ ಪದವೇ ಮುಂದೆ ಅವರ ಮೂವತ್ತು ವರ್ಷದ ನೌಕರಿಯನ್ನು ಕಾಯಲೂಬಹುದು, ಕೆಡಿಸಲೂಬಹುದು. ಆ ಸಂಜೆ ಕಲಿತದ್ದನ್ನು ಹನ್ನೊಂದು ಸೂತ್ರಗಳಾಗಿ ಇಲ್ಲಿ ಕೊಡುತ್ತಿದ್ದೇನೆ. ಭಾಷೆ ಕಲಿಯುವವರಿಗೂ ಬಾಳು ಕಟ್ಟುವವರಿಗೂ ಇವು ಒದಗುತ್ತವೆ.

1. ಮೊದಲು ಬೇರು ಹಿಡಿಯಿರಿ

ಪದದ ಅರ್ಥವನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುವವರೆಗೆ ನೆನಪಿರುತ್ತದೆ. ಬೇರು ಹಿಡಿದರೆ ಬದುಕಿಡೀ ಉಳಿಯುತ್ತದೆ. ‘ಕರಪ್ಷನ್’ ಲ್ಯಾಟಿನ್ ಮೂಲದ ಪದ. ಅಲ್ಲಿ ‘ರುಂಪೆರೆ’ ಎಂದರೆ ಮುರಿಯುವುದು, ಒಡೆಯುವುದು. ಅದರ ಹಿಂದೆ ‘ಪೂರ್ತಿಯಾಗಿ’ ಎಂಬ ಭಾವದ ಉಪಸರ್ಗ ಸೇರಿ ‘ಕೊರುಂಪೆರೆ’ ಆಯಿತು. ಹೀಗಾಗಿ ಪದದ ಮೂಲದಲ್ಲಿ ಹಣವೂ ಇಲ್ಲ, ಲಕೋಟೆಯೂ ಇಲ್ಲ. ಅಲ್ಲಿರುವುದು ಪೂರಾ ಒಡೆದುಹೋದ ಒಂದು ವಸ್ತು.

ಇದೇ ಬೇರಿನಿಂದ ಹುಟ್ಟಿದ ಪದಗಳನ್ನೂ ಒಟ್ಟಿಗೆ ಕಲಿಯಿರಿ. ರಪ್ಚರ್ ಎಂದರೆ ಸೀಳಿಹೋಗುವುದು, ಇಂಟರಪ್ಟ್ ಎಂದರೆ ಮಾತಿನ ನಡುವೆ ಕಡಿಯುವುದು, ಎರಪ್ಟ್ ಎಂದರೆ ಒಡೆದು ಹೊರಚಿಮ್ಮುವುದು, ಡಿಸ್ರಪ್ಟ್ ಎಂದರೆ ನಡೆಯುತ್ತಿದ್ದುದನ್ನು ಕೆಡಿಸುವುದು. ಬ್ಯಾಂಕ್‌ರಪ್ಟ್ ಎಂಬ ಪದದ ಹಿಂದೆ ಲೇವಾದೇವಿಗಾರರ ‘ಒಡೆದ ಬೆಂಚು’ ಎಂಬ ಇಟಾಲಿಯನ್ ಮಾತಿದೆ. ಒಂದು ಬೇರು ಕಲಿತಿರಿ, ಐದಾರು ಪದ ಕೈಗೆ ಬಂದವು.

2. ಪದ ಓಡಾಡುವ ಮನೆಗಳನ್ನೆಲ್ಲ ನೋಡಿ ಬನ್ನಿ

ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಕರಪ್ಷನ್ ಎಂದರೆ ಕೊಳೆಯುವಿಕೆಯೂ ಹೌದು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಈ ಪದ ಎಷ್ಟೋ ಕಡೆ ಮಣ್ಣಾಗುವ ದೇಹದ ಬಗ್ಗೆ ಬರುತ್ತದೆ, ಲಂಚದ ಬಗ್ಗೆ ಅಲ್ಲ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ‘ರಕ್ತದ ಕರಪ್ಷನ್’ ಎಂಬ ಶಿಕ್ಷೆಯೇ ಇತ್ತು. ರಾಜದ್ರೋಹಿಯ ರಕ್ತ ಕೆಟ್ಟಿದೆ ಎಂದು ಘೋಷಿಸಿ ಅವನ ಮಕ್ಕಳಿಗೆ ಆಸ್ತಿ ಸಿಗದಂತೆ ಮಾಡುತ್ತಿದ್ದರು. ತಂದೆಯ ತಪ್ಪಿಗೆ ಮಕ್ಕಳನ್ನು ದಂಡಿಸುವ ಈ ಪದ್ಧತಿಯನ್ನು ಅಮೆರಿಕದ ಸಂವಿಧಾನ ಹೆಸರು ಹಿಡಿದೇ ನಿಷೇಧಿಸಿತು.

ಹಸ್ತಪ್ರತಿ ಓದುವ ವಿದ್ವಾಂಸರಿಗೆ ‘ಕರಪ್ಟ್’ ಎಂದರೆ ಕೆಟ್ಟ ಪಾಠ. ಓಲೆಗರಿ ಪ್ರತಿ ಮಾಡುವವನ ಕಣ್ಣು ಒಂದು ಸಾಲು ಜಾರಿದರೆ ತಪ್ಪು ಒಳಗೆ ಸೇರುತ್ತದೆ. ಅದನ್ನು ನೋಡಿ ಬರೆದವನು ಆ ತಪ್ಪನ್ನೂ ಬರೆಯುತ್ತಾನೆ. ನಾಲ್ಕನೆಯ ಪ್ರತಿಯ ಹೊತ್ತಿಗೆ ತಪ್ಪೇ ಸರಿಯಂತೆ ಕಾಣುತ್ತದೆ. ಕಂಪ್ಯೂಟರ್ ಮುಂದೆ ಕೂತವರಿಗೆ ‘ಫೈಲ್ ಕರಪ್ಟ್ ಆಗಿದೆ’ ಎಂಬ ಮಾತು ದಿನನಿತ್ಯದ್ದು. ಕೊನೆಗೆ ಬರುವುದು ಕಚೇರಿಯ ಕರಪ್ಷನ್, ಅಂದರೆ ನಂಬಿ ಕೊಟ್ಟ ಅಧಿಕಾರವನ್ನು ಸ್ವಂತ ಲಾಭಕ್ಕೆ ಬಳಸುವುದು.

ದೇಹ, ಗ್ರಂಥ, ಫೈಲು, ಕಚೇರಿ ನಾಲ್ಕರಲ್ಲೂ ಒಂದೇ ಲಕ್ಷಣ: ಹೊರಗಿನಿಂದ ಆಕಾರ ಹಾಗೇ ಇರುತ್ತದೆ, ಒಳಗೆ ಒಡೆದಿರುತ್ತದೆ. ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಹಿರಿಯರನ್ನು ನೋಡಿ ಕಲಿಯುವುದೂ ಓಲೆಗರಿ ಪ್ರತಿ ಮಾಡಿದ ಹಾಗೆಯೇ. ಯಾರನ್ನು ನೋಡಿ ಬರೆಯುತ್ತಿದ್ದೀರಿ ಎಂಬುದನ್ನು ಮೊದಲ ದಿನವೇ ಆರಿಸಿಕೊಳ್ಳಿ.

3. ಕಾಗುಣಿತ ಮತ್ತು ವ್ಯಾಕರಣದಲ್ಲಿ ರಾಜಿ ಬೇಡ

ಈ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಆರ್ ಎರಡು, ಪಿ ಒಂದೇ. ಉಚ್ಚಾರದ ಒತ್ತು ಬೀಳುವುದು ಎರಡನೆಯ ಅಕ್ಷರಭಾಗದ ಮೇಲೆ, ‘ರಪ್’ ಎನ್ನುವಲ್ಲಿ. ಕಚೇರಿಯ ಅವ್ಯವಹಾರದ ಅರ್ಥದಲ್ಲಿ ಬಳಸುವಾಗ ಇದಕ್ಕೆ ಬಹುವಚನ ಹಚ್ಚಬೇಡಿ. ಪದ ಅಥವಾ ಪಾಠ ಕೆಟ್ಟದ್ದನ್ನು ಹೇಳುವಾಗ ಮಾತ್ರ ಬಹುವಚನ ಸಲ್ಲುತ್ತದೆ.

‘ಇನ್’ ಮತ್ತು ‘ಆಫ್’ ನಡುವಿನ ವ್ಯತ್ಯಾಸ ತಿಳಿದಿರಲಿ. ‘ಕರಪ್ಷನ್ ಇನ್’ ಎಂದರೆ ಅದು ಎಲ್ಲಿ ನಡೆಯುತ್ತಿದೆ ಎಂಬುದು: ಇಲಾಖೆಯಲ್ಲಿ, ಕ್ರೀಡೆಯಲ್ಲಿ. ‘ಕರಪ್ಷನ್ ಆಫ್’ ಎಂದರೆ ಸಾಮಾನ್ಯವಾಗಿ ಯಾವುದು ಕೆಟ್ಟಿತು ಎಂಬುದು: ಯುವಜನರ, ಭಾಷೆಯ, ದತ್ತಾಂಶದ.

‘ಹಿ ಈಸ್ ಕರಪ್ಟ್’ ಎಂದರೆ ಅವನ ಗುಣವೇ ಅಂಥದು ಎಂದ ಹಾಗೆ. ‘ಹಿ ವಾಸ್ ಕರಪ್ಟೆಡ್’ ಎಂದರೆ ಅವನನ್ನು ಯಾರೋ, ಯಾವುದೋ ಕೆಡಿಸಿತು ಎಂದ ಹಾಗೆ. ಒಂದು ತೀರ್ಪು, ಇನ್ನೊಂದು ಒಬ್ಬ ಮನುಷ್ಯನ ಕಥೆ. ಬರೆಯುವಾಗ ಯಾವುದು ನಿಮ್ಮ ಉದ್ದೇಶವೋ ಅದನ್ನೇ ಬರೆಯಿರಿ.

4. ದಾಯಾದಿ ಪದಗಳನ್ನು ಬೆರೆಸಬೇಡಿ

ನೈತಿಕ ಅಧಃಪತನಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ಒಂದೊಂದಕ್ಕೂ ಒಂದೊಂದು ಚಿತ್ರ.

ಡಿಪ್ರ್ಯಾವಿಟಿ: ಮೂಲದಲ್ಲಿ ‘ಡೊಂಕು’ ಎಂಬ ಅರ್ಥ. ಮನಸ್ಸೇ ಸೊಟ್ಟಗಾಗಿ ಕ್ರೌರ್ಯದಲ್ಲೂ ನೀಚತನದಲ್ಲೂ ಸುಖ ಕಾಣುವ ಸ್ಥಿತಿ. ಸಣ್ಣ ತಪ್ಪಿಗೆ ಈ ಪದ ಬಳಸಬಾರದು.

ಡೆಕಡೆನ್ಸ್: ಮೂಲದಲ್ಲಿ ‘ಬೀಳುವುದು’. ಏರಿದ ನಾಗರಿಕತೆ ಭೋಗದಲ್ಲಿ ಮುಳುಗಿ ಕುಸಿಯುವುದನ್ನು ಹೇಳುತ್ತಿದ್ದ ಪದ. ಇಂದು ಚಾಕೊಲೇಟ್ ಕೇಕಿಗೂ ‘ಡೆಕಡೆಂಟ್’ ಎಂದು ಹೊಗಳಿಕೆಯ ಚೀಟಿ ಅಂಟಿಸುತ್ತಾರೆ.

ಟರ್ಪಿಟ್ಯೂಡ್: ಮೂಲದಲ್ಲಿ ‘ಕುರೂಪ, ಹೇಯ’. ಮಾತಿನಲ್ಲಿ ಅಪರೂಪ, ಕಾನೂನಿನಲ್ಲಿ ಸಾಮಾನ್ಯ. ಗ್ರಾಚ್ಯುಟಿ ಕಾನೂನಿನ ಪ್ರಕಾರ, ನೌಕರಿಯ ಅವಧಿಯಲ್ಲೇ ‘ಮಾರಲ್ ಟರ್ಪಿಟ್ಯೂಡ್’ ಒಳಗೊಂಡ ಅಪರಾಧವೆಸಗಿ ಕೆಲಸದಿಂದ ವಜಾ ಆದರೆ ಗ್ರಾಚ್ಯುಟಿ ಹಣವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಇಂಥ ಅಪರಾಧದಲ್ಲಿ ಶಿಕ್ಷೆಯಾದವರು ವಕೀಲರಾಗಿ ನೋಂದಾಯಿಸಿಕೊಳ್ಳಲು 1961ರ ವಕೀಲರ ಕಾಯ್ದೆಯೂ ತಡೆ ಒಡ್ಡುತ್ತದೆ.

ವೀನಲ್ ಮತ್ತು ವೀನಿಯಲ್: ಪರೀಕ್ಷೆಯಲ್ಲಿ ಎಡವಿಸುವ ಜೋಡಿ. ಮೊದಲನೆಯದು ‘ಮಾರಾಟಕ್ಕಿರುವವನು’, ಎರಡನೆಯದು ‘ಕ್ಷಮಿಸಬಹುದಾದ ತಪ್ಪು’. ನಡುವೆ ಒಂದೇ ಅಕ್ಷರ. ಬದುಕಿನಲ್ಲೂ ಈ ಎರಡನ್ನು ಬೇರೆ ಬೇರೆಯಾಗಿಯೇ ಇಡಿ. ಎಡವಿದವನನ್ನು ಕ್ಷಮಿಸಬಹುದು, ತನ್ನನ್ನೇ ಮಾರಿಕೊಂಡವನ ಕೈಗೆ ಬೀಗದ ಕೈ ಕೊಡಬಾರದು.

5. ಕನ್ನಡದ ತಕ್ಕಡಿಯಲ್ಲಿಟ್ಟು ತೂಗಿ

ಪರಭಾಷೆಯ ಪದ ನಿಜವಾಗಿ ದಕ್ಕುವುದು ನಮ್ಮ ಪದದ ಪಕ್ಕ ಇಟ್ಟಾಗ. ನಾವು ‘ಭ್ರಷ್ಟಾಚಾರ’ ಎನ್ನುತ್ತೇವೆ. ‘ಭ್ರಷ್ಟ’ ಎಂದರೆ ಬಿದ್ದವನು, ಇದ್ದ ಜಾಗದಿಂದ ಜಾರಿದವನು. ಪದಭ್ರಷ್ಟ, ಮತಿಭ್ರಷ್ಟ ಎಂಬ ಮಾತುಗಳಲ್ಲಿ ಆ ಜಾರುವಿಕೆ ಈಗಲೂ ಕಾಣುತ್ತದೆ. ಲ್ಯಾಟಿನ್ನಿಗೆ ಕಂಡದ್ದು ಮುರಿದ ವಸ್ತು, ಸಂಸ್ಕೃತಕ್ಕೆ ಕಂಡದ್ದು ಬಿದ್ದ ಮನುಷ್ಯ. ಎರಡೂ ಸೇರಿದರೆ ಚಿತ್ರ ಪೂರ್ತಿ: ಮೊದಲು ಜಾರುತ್ತಾನೆ, ಬಿದ್ದಮೇಲೆ ಒಡೆಯುತ್ತಾನೆ.

ಇನ್ನು ‘ಗಿಂಬಳ’ ನೋಡಿ. ಮನೆಗಿನೆ, ಹಣಗಿಣ ಎಂದು ಜೋಡಿಸುವಂತೆ ಸಂಬಳದ ಬೆನ್ನಿಗೆ ಗಿಂಬಳ ಬಂದು ಕೂತಿದೆ. ‘ಮನೆಗಿನೆ’ಯ ಗಿನೆಗೆ ಸ್ವಂತ ಅರ್ಥವಿಲ್ಲ. ಗಿಂಬಳಕ್ಕೆ ಮಾತ್ರ ನಾವೇ ಅರ್ಥ ಕೊಟ್ಟೆವು, ಜಾಗ ಕೊಟ್ಟೆವು. ಮದುವೆ ಮಾತುಕತೆಯಲ್ಲಿ ‘ಹುಡುಗನಿಗೆ ಸಂಬಳ ಎಷ್ಟು, ಗಿಂಬಳ ಎಷ್ಟು’ ಎಂದು ಕೇಳುವ ಹಿರಿಯರಿದ್ದಾರೆ. ಆ ಪ್ರಶ್ನೆಗೆ ನಿಮ್ಮ ಮನೆಯಲ್ಲಿ ಯಾರೂ ಉತ್ತರ ಕೊಡದಿರಲಿ.

6. ಮೆತ್ತನೆಯ ಮಾತಿಗೆ ಕಿವಿ ಚುರುಕಾಗಿರಲಿ

ಕೆಲವು ವರ್ಷಗಳ ಹಿಂದೆ ಒಂದು ದಾಖಲೆಗಾಗಿ ಒಂದು ಕಚೇರಿಗೆ ಹೋಗಿದ್ದೆ. ಊರಾಗಲಿ ಕಚೇರಿಯಾಗಲಿ ಇಲ್ಲಿ ಮುಖ್ಯವಲ್ಲ. ಮೇಜಿನ ಹಿಂದಿದ್ದವರು ವಯಸ್ಸಾದವರು, ಮಾತು ಬಹಳ ಮೃದು. ನನ್ನ ಕಾಗದಗಳನ್ನು ಒಂದೊಂದಾಗಿ ಜೋಡಿಸಿ, ಗುಂಡುಪಿನ್ನು ಚುಚ್ಚಿ, ಫೈಲಿನ ಮೇಲೆ ಅಂಗೈ ಊರಿದರು. “ಎಲ್ಲಾ ಸರಿ ಇದೆ ಸಾರ್. ಹುಡುಗ್ರು ಇದಾರೆ, ಏನಾದ್ರೂ ನೋಡ್ಕೊಳ್ಳಿ” ಎಂದರು. ಅಂಗೈ ಫೈಲಿನ ಮೇಲಿಂದ ಏಳಲಿಲ್ಲ. ‘ಲಂಚ’ ಎಂಬ ಪದ ಆ ಕೋಣೆಯಲ್ಲಿ ಹುಟ್ಟಲೇ ಇಲ್ಲ. ನಾನು ಕೊಡಲಿಲ್ಲ. ಸ್ವೀಕೃತಿ ರಸೀದಿ ಕೇಳಿ ಪಡೆದು ಬಂದೆ. ಕೆಲಸ ಆಗಲು ಮತ್ತೆ ಮೂರು ಸಲ ಅಲೆದೆ.

‘ನೋಡ್ಕೊಳ್ಳಿ’, ‘ಟೀ ಖರ್ಚು’, ‘ಕೈ ಬಿಸಿ’, ‘ಖುಷಿಯಿಂದ ಕೊಡಿ’. ಎಲ್ಲಕ್ಕಿಂತ ಜಾಣ ಪದ ‘ಮಾಮೂಲು’. ಅರಬ್ಬಿ ಮೂಲದ ಈ ಪದಕ್ಕೆ ‘ವಾಡಿಕೆಯದು’ ಎಂಬ ಅರ್ಥ. ಲಂಚಕ್ಕೆ ವಾಡಿಕೆಯ ಹೆಸರು ಸಿಕ್ಕ ದಿನ ನಾಚಿಕೆ ಹೊರಟುಹೋಗುತ್ತದೆ. ಹಾಗಾಗಿ ಮನಸ್ಸಿನೊಳಗಾದರೂ ಅದನ್ನು ಅದರ ನಿಜ ಹೆಸರಿನಿಂದ ಕರೆಯಿರಿ. ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

7. ಬದಲಾದದ್ದೆಲ್ಲ ಕೆಟ್ಟದ್ದಲ್ಲ

ದೋಸೆ ಹಿಟ್ಟು ರಾತ್ರಿಯಿಡೀ ಬದಲಾಗುತ್ತದೆ. ಬೆಳಿಗ್ಗೆ ಉಬ್ಬಿ, ಸಣ್ಣ ಸಣ್ಣ ಗುಳ್ಳೆ ಎದ್ದು, ಹದವಾದ ಹುಳಿ ವಾಸನೆ ಬಂದಿದ್ದರೆ ಅದು ಹುದುಗು. ಅದೇ ಹಿಟ್ಟು ಮೂಲೆಯಲ್ಲಿ ಮರೆತುಹೋಗಿ ಬೂಷ್ಟು ಹಿಡಿದರೆ ಅದು ಕೊಳೆ. ಎರಡೂ ಬದಲಾವಣೆಯೇ, ಎರಡೂ ಒಂದೇ ಅಲ್ಲ. ಅಡುಗೆ ಮಾಡುವವರಿಗೆ ಮೂಗಿನಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಹೊಸ ತಲೆಮಾರಿನ ಬಟ್ಟೆ, ಮಾತು, ಸಂಗೀತ ಕಂಡಾಗಲೆಲ್ಲ ‘ಕಾಲ ಕೆಟ್ಟಿತು’ ಎನ್ನುವವರು ಈ ವ್ಯತ್ಯಾಸ ಮರೆಯುತ್ತಾರೆ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಸಭೆ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಅವನ ಮೇಲಿದ್ದ ಆರೋಪಗಳಲ್ಲಿ ಒಂದು, ಯುವಕರನ್ನು ಕೆಡಿಸಿದ ಎಂಬುದು. ಆ ಆರೋಪವನ್ನು ಇಂಗ್ಲಿಷಿಗೆ ತರುವಾಗ ಬಳಸುವ ಕ್ರಿಯಾಪದ ‘ಕರಪ್ಟ್’. ಅವನು ಮಾಡಿದ್ದು ಯುವಕರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ್ದು.

ಭಾಷೆಯಲ್ಲೂ ಹೀಗೇ. ಒಂದು ಪದ ಬೇರೆ ನಾಲಿಗೆಗೆ ಹೋಗಿ ರೂಪ ಬದಲಿಸಿದರೆ ಹಳೆಯ ಪುಸ್ತಕಗಳು ಅದನ್ನು ‘ಕರಪ್ಷನ್’ ಎಂದವು, ಇಂದಿನ ಭಾಷಾಶಾಸ್ತ್ರಜ್ಞರು ಸಹಜ ಬದಲಾವಣೆ ಎನ್ನುತ್ತಾರೆ. ಹಾಗೆಂದು ತನ್ನ ಹೆಸರನ್ನು ತನ್ನ ನಾಲಿಗೆಯಲ್ಲೇ ಕೇಳುವ ಹಕ್ಕು ಊರಿಗಿದೆ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಯಿತು. ಅದೂ ಮೈಸೂರು, ಬೆಳಗಾವಿ, ಶಿವಮೊಗ್ಗವೂ ಸೇರಿ ಒಟ್ಟು 12 ಊರುಗಳಿಗೆ ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರ ಬಂತು. ತೀರ್ಪು ಕೊಡುವ ಮೊದಲು ಕೇಳಿಕೊಳ್ಳಿ: ಇದು ಹುದುಗೋ, ಕೊಳೆಯೋ?

8. ಒಂದು ಪದವನ್ನೂ ನುಂಗದೆ ಓದಿ

ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ ಎಂಬ ಲಾರ್ಡ್ ಆ್ಯಕ್ಟನ್‌ನ ಮಾತನ್ನು ಭಾಷಣಗಳಲ್ಲಿ ಕೇಳಿರುತ್ತೀರಿ. 1887ರಲ್ಲಿ ಮ್ಯಾಂಡೆಲ್ ಕ್ರೈಟನ್ ಎಂಬ ಇತಿಹಾಸಕಾರನಿಗೆ ಬರೆದ ಪತ್ರದಲ್ಲಿ ಅವನು ಹಾಗೆಂದ. ಆದರೆ ಅವನು ‘ಕೆಡಿಸುತ್ತದೆ’ ಎಂದು ಖಂಡಿತವಾಗಿ ಹೇಳಿರಲಿಲ್ಲ. ‘ಕೆಡಿಸುವತ್ತ ವಾಲುತ್ತದೆ’ ಎಂಬರ್ಥದ ‘ಟೆಂಡ್ಸ್’ ಎಂಬ ಪದ ಅಲ್ಲಿತ್ತು. ಅಂಕೆಯೇ ಇಲ್ಲದ ಅಧಿಕಾರದ ಬಗ್ಗೆ ಮಾತ್ರ ಕಟುವಾಗಿ ಹೇಳಿದ. ಆ ಚಿಕ್ಕ ಪದ ಬಿಟ್ಟರೆ ಎಲ್ಲ ಅಧಿಕಾರಿಗಳೂ ಕಳ್ಳರು ಎಂಬ ನಿರಾಶೆ ಉಳಿಯುತ್ತದೆ. ಆ ಪದ ಉಳಿಸಿಕೊಂಡರೆ ಇಳಿಜಾರಿನಲ್ಲಿ ಬ್ರೇಕ್ ಹಾಕಬಹುದೆಂಬ ಎಚ್ಚರ ಉಳಿಯುತ್ತದೆ.

ಈ ಎಚ್ಚರ ನಮ್ಮ ಹಳಬರಿಗೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರ ಸರ್ಕಾರಿ ಹಣ ನುಂಗುವ 40 ಉಪಾಯಗಳನ್ನು ಪಟ್ಟಿ ಮಾಡುತ್ತದೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತು ಎಂದು ಹೇಳಲಾಗದಂತೆ, ಅಧಿಕಾರಿ ಯಾವಾಗ ಹಣ ತೆಗೆದ ಎಂಬುದೂ ತಿಳಿಯದು ಎನ್ನುತ್ತದೆ. ಅದಕ್ಕಾಗಿಯೇ ಲೆಕ್ಕ, ತಪಾಸಣೆ, ವರ್ಗಾವಣೆ ಬೇಕು ಎಂದು ವಿವರಿಸುತ್ತದೆ. ಈ ಗ್ರಂಥದ ಓಲೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿ, 1915ರಲ್ಲಿ ಇಂಗ್ಲಿಷಿಗೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿ. ಕೆಟ್ಟ ಪಾಠವನ್ನು ತಿದ್ದಿ ಓದುವ ವಿದ್ವಾಂಸನ ಶ್ರದ್ಧೆಯಿಂದಲೇ ಕೆಟ್ಟ ಆಡಳಿತದ ಮೇಲಿನ ಈ ಪಾಠ ನಮಗೆ ಸಿಕ್ಕಿತು.

9. ಕಾನೂನಿನ ನಾಲ್ಕು ಅಂಶ ಬಾಯಲ್ಲಿರಲಿ

ಒಂದು: 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಲಂಚ ಪಡೆದ ಸರ್ಕಾರಿ ನೌಕರನಿಗೆ 3ರಿಂದ 7 ವರ್ಷ ಜೈಲು. ಪಡೆಯಲು ಯತ್ನಿಸಿದರೂ ಅಪರಾಧವೇ. ಅದು ಹಣದ ರೂಪದಲ್ಲೇ ಇರಬೇಕಿಲ್ಲ.

ಎರಡು: 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ನೇರ ಅಪರಾಧ, 7 ವರ್ಷದವರೆಗೆ ಶಿಕ್ಷೆ ಆಗಬಹುದು. ಬಲವಂತದಿಂದ ಕೊಡಬೇಕಾಗಿ ಬಂದವರು 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆ ಇದೆ. ಈ ಏಳು ದಿನ ಮರೆಯಬೇಡಿ.

ಮೂರು: ಕರ್ನಾಟಕದಲ್ಲಿ ದೂರು ಕೊಡುವ ಜಾಗ ಲೋಕಾಯುಕ್ತ. 1984ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. 2016ರಲ್ಲಿ ಪ್ರತ್ಯೇಕ ಭ್ರಷ್ಟಾಚಾರ ನಿಗ್ರಹ ದಳ ಬಂದಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ನಾಲ್ಕು: 2012ರಿಂದ ಜಾರಿಯಲ್ಲಿರುವ ‘ಸಕಾಲ’ದಡಿ ನೂರಾರು ಸೇವೆಗಳಿಗೆ ದಿನಗಳ ಗಡುವು ನಿಗದಿಯಾಗಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಿ. ಕೈಯಲ್ಲಿ ರಸೀದಿ ಇರುವವರ ದನಿಯೇ ಬೇರೆ.

10. ಹಣ ಮುಟ್ಟದಿದ್ದರೆ ಸಾಲದು, ಇಡಿಯಾಗಿ ಉಳಿಯಬೇಕು

ಫ್ರೆಂಚ್ ಕ್ರಾಂತಿಯ ರೋಬೆಸ್ಪಿಯರ್‌ಗೆ ಜನ ಇಟ್ಟ ಹೆಸರು ‘ಇನ್‌ಕರಪ್ಟಿಬಲ್’, ಅಂದರೆ ಕೆಡಿಸಲಾಗದವನು. ಹಣದ ವಿಷಯದಲ್ಲಿ ಕೈ ಶುದ್ಧ. ಆದರೆ ಅವನು ಮುಂದಾಳಾಗಿದ್ದ ಭಯೋತ್ಪಾತದ ಕಾಲದಲ್ಲಿ ಸಾವಿರಾರು ತಲೆಗಳು ಉರುಳಿದವು. 1794ರ ಜುಲೈ 28ರಂದು ಅವನೂ ಅದೇ ಗಿಲೊಟಿನ್‌ಗೆ ತಲೆಕೊಟ್ಟ. ಕೈ ಶುದ್ಧವಿದ್ದು ಕರುಣೆ ಬತ್ತಿದರೆ ಅದೂ ಒಂದು ಒಡಕೇ.

ಕರಪ್ಷನ್ ಪದಕ್ಕೆ ಎದುರಾಗಿ ನಿಲ್ಲುವ ಪದ ‘ಇಂಟೆಗ್ರಿಟಿ’. ಅದರ ಮೂಲ ಅರ್ಥ ‘ಇಡಿಯಾದದ್ದು’. ಗಣಿತದ ‘ಇಂಟಿಜರ್’ ಇದರದೇ ಒಡಹುಟ್ಟು, ಕನ್ನಡದಲ್ಲಿ ಪೂರ್ಣಾಂಕ. ಕಂಪ್ಯೂಟರಿನವರೂ ‘ಡೇಟಾ ಕರಪ್ಷನ್’ಗೆ ವಿರುದ್ಧವಾಗಿ ‘ಡೇಟಾ ಇಂಟೆಗ್ರಿಟಿ’ ಎನ್ನುತ್ತಾರೆ. ಕಚೇರಿಯಲ್ಲಿ ಒಬ್ಬ, ಮನೆಯಲ್ಲಿ ಇನ್ನೊಬ್ಬ, ಬಡವನೆದುರು ಮತ್ತೊಬ್ಬ ಆಗಿದ್ದರೆ ನೀವು ಭಿನ್ನರಾಶಿ. ಎಲ್ಲ ಕಡೆ ಒಬ್ಬರೇ ಆಗಿದ್ದರೆ ಪೂರ್ಣಾಂಕ. ಸಂದರ್ಶನದಲ್ಲಿ ‘ಇಂಟೆಗ್ರಿಟಿ ಎಂದರೇನು’ ಎಂದು ಕೇಳಿದರೆ ಇದನ್ನೇ ಹೇಳಿ. ಕೆಲಸಕ್ಕೆ ಸೇರಿದ ಮೇಲೆ ಇದರಂತೆ ಇರಿ.

11. ದಿನಕ್ಕೊಮ್ಮೆ ತಾಳೆ ನೋಡಿ

ನಿಮ್ಮ ಆಧಾರ್ ಕಾರ್ಡ್ ತೆಗೆದು ಸಂಖ್ಯೆ ನೋಡಿ. ಒಟ್ಟು 12 ಅಂಕಿ. ಕೊನೆಯ ಅಂಕಿಗೆ ಒಂದು ವಿಶೇಷ ಕೆಲಸವಿದೆ. ಅದು ಹಿಂದಿನ ಹನ್ನೊಂದು ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು. ನಡುವೆ ಎಲ್ಲಾದರೂ ಒಂದು ಅಂಕಿ ತಪ್ಪಿ ಬರೆದರೂ ಲೆಕ್ಕ ಕೂಡಿಬರುವುದಿಲ್ಲ, ಯಂತ್ರ ತಕ್ಷಣ ಹಿಡಿಯುತ್ತದೆ. ಇಂಥ ತಾಳೆ ಅಂಕಿ ಇರುವುದರಿಂದ ತಪ್ಪು ಒಳಗೆ ನುಸುಳುವ ಮೊದಲೇ ಬಾಗಿಲಲ್ಲಿ ನಿಲ್ಲುತ್ತದೆ.

ನಿಮ್ಮ ದಿನಕ್ಕೂ ಒಂದು ತಾಳೆ ಅಂಕಿ ಇಟ್ಟುಕೊಳ್ಳಿ. ಮಲಗುವ ಮುನ್ನ ಮೂರೇ ಪ್ರಶ್ನೆ. ಇವತ್ತು ನನ್ನದಲ್ಲದ್ದು ನನ್ನ ಕೈಗೆ ಬಂತೇ? ಇವತ್ತು ಒಂದು ತಪ್ಪಿಗೆ ಮೆತ್ತನೆಯ ಹೆಸರಿಟ್ಟೆನೇ? ಇವತ್ತು ನಾನು ಮಾಡಿದ್ದನ್ನು ನನ್ನ ಮಕ್ಕಳೆದುರು ಹಾಗೇ ಹೇಳಬಲ್ಲೆನೇ? ಮೂರಕ್ಕೂ ಲೆಕ್ಕ ಕೂಡಿದರೆ ನಿದ್ದೆ ಮಾಡಿ. ಕೂಡದಿದ್ದರೆ ನಾಳೆ ಬೆಳಿಗ್ಗೆಯೇ ತಿದ್ದಿಕೊಳ್ಳಿ, ಒಡಕು ಇನ್ನೂ ಕೂದಲೆಳೆಯಷ್ಟಿರುವಾಗ.

ಆ ಸಂಜೆ ‘ಮುಂದಿನ ಪದ ಹೇಳಿ’ ಎಂದಿದ್ದ ಹುಡುಗಿ ತರಗತಿ ಮುಗಿದ ಮೇಲೆ ತನ್ನ ನೋಟ್‌ಬುಕ್ಕಿನಲ್ಲಿ ‘ಕರಪ್ಷನ್ = ಲಂಚ’ ಎಂದಿದ್ದುದನ್ನು ಹೊಡೆದುಹಾಕಿ, ಕೆಳಗೆ ‘ಕರಪ್ಷನ್ = ಒಡೆಯುವುದು’ ಎಂದು ಬರೆದುಕೊಂಡಳು. ನನಗೆ ಅಷ್ಟು ಸಾಕಿತ್ತು. ಲಂಚ ಬೇರೆಯವರ ಕಥೆಯೆಂದು ನಾವೆಲ್ಲ ತಪ್ಪಿಸಿಕೊಳ್ಳಬಹುದು. ಒಡೆಯುವುದು ಮಾತ್ರ ನಮ್ಮೊಳಗಿನ ಕಥೆ. ಓದಿ, ಪರೀಕ್ಷೆ ಗೆಲ್ಲಿ, ಕುರ್ಚಿ ಗಳಿಸಿ, ಮೇಲೇರಿ. ಏರಿದ ಮೇಲೂ ಇಡಿಯಾಗಿಯೇ ಉಳಿಯಿರಿ. ಆಗ ಮಾತ್ರ ಅದು ಯಶಸ್ಸು.